ಸಾಲು ಎತ್ತಿಕೊಳ್ಳದ ವಾರಿಜಕ್ಕ

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿ, ಅದರ ತುದಿಗೆ ಗಲ್ಲ ಊರಿ ನಿದ್ದೆ ಮಾಡುವ ಹೆಂಗಸೊಬ್ಬರನ್ನು ನೀವು ನೋಡಿದ್ದರೆ ಅವರೇ ವಾರಿಜಕ್ಕ. ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು. ಎಡಗೈಯ ಬೆರಳುಗಳು ಮಾತ್ರ ಪೆಟ್ಟಿಗೆಯ ಮೇಲೆ ಒಂದೊಂದಾಗಿ ಒತ್ತುತ್ತಾ ಇರುತ್ತಿದ್ದವು. ಯಾವುದೋ ಹಾಡು ನಿದ್ದೆಯಲ್ಲೂ ನಡೆಯುತ್ತಿತ್ತು. ಕಂಡಕ್ಟರರು ಅವರನ್ನು ಎಬ್ಬಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಇಳಿಯುವ ಜಾಗಕ್ಕೆ ಒಂದು ತಿರುವು ಮುಂಚೆ ತಾವಾಗಿಯೇ ಕಣ್ಣು ಬಿಟ್ಟು, "ಬಂತಾ? ಸಾಕಪ್ಪ," ಎಂದು ಏಳುತ್ತಿದ್ದರು.

ಅವರು ಪಿಟೀಲು ಟೀಚರು. ಸೋಮವಾರ ಸುಳ್ಯ, ಮರುದಿನ ಅರಂತೋಡಿನ ಒಂದು ಮನೆ, ಆಮೇಲೆ ಕಡಬ, ಮತ್ತೆ ಪುತ್ತೂರು. ವಾರವಿಡೀ ಹೀಗೆ ಪಾಠ ಹೇಳಿಕೊಂಡು ತಿರುಗುವುದು. ನಡುವೆ ಯಾರದಾದರೂ ರಂಗಪ್ರವೇಶ, ದೇವಸ್ಥಾನದ ಕಛೇರಿ, ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಪಕ್ಕವಾದ್ಯ. ವರ್ಷಗಟ್ಟಲೆ ಹೀಗೆ ಬೇರೆಯವರ ಪಕ್ಕದಲ್ಲಿ ಕೂತವರು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಬಸ್ಸು ತಪ್ಪಿತು" ಎನ್ನುತ್ತಿದ್ದರು.

ಅವರ ಬಾಯಲ್ಲಿ ಸದಾ ಇದ್ದ ಮಾತು 'ಬಚ್ಚಿತು'. ನಮ್ಮ ಕಡೆ ದಣಿವಾಯಿತು ಎಂಬುದಕ್ಕೆ ಹಾಗೆ ಹೇಳುತ್ತಾರೆ. ಮೆಟ್ಟಿಲು ಹತ್ತಿದರೆ ಬಚ್ಚಿತು, ಮಾತಾಡಿದರೆ ಬಚ್ಚಿತು, ಮಕ್ಕಳ ತಾಯಂದಿರ ಮುಖ ಕಂಡರೇ ಬಚ್ಚಿತು. ಇಷ್ಟು ಬಚ್ಚಿದವರು ಇನ್ನೊಬ್ಬರಿಗೆ ಧೈರ್ಯ ತುಂಬುವುದುಂಟೇ ಎಂದು ನೀವು ಕೇಳಬಹುದು. ಅವರು ನನಗೆ ಧೈರ್ಯ ತುಂಬಲಿಲ್ಲ. ಮಾಡಿದ್ದು ಬೇರೆ.

ಕುಂಬ್ರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ರವಿಕೆ, ಚೂಡಿದಾರ, ಜೂನ್ ಬಂದರೆ ಶಾಲೆಯ ಯೂನಿಫಾರ್ಮ್. ಒಂದು ಮಧ್ಯಾಹ್ನ ವಾರಿಜಕ್ಕ ಪಿಟೀಲಿನ ಪೆಟ್ಟಿಗೆಗೆ ಚೀಲ ಹೊಲಿಸಲಿಕ್ಕೆಂದು ಬಂದರು. ನಾನು ಮಿಷನ್ ತುಳಿಯುತ್ತಾ ಹಾಡಿಕೊಳ್ಳುತ್ತಿದ್ದೆ. ಅವರು ಸ್ಟೂಲಿನ ಮೇಲೆ ಕೂತರು, ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದುಕೊಂಡೆ. ಹಾಡು ಮುಗಿದ ಮೇಲೆ ಕಣ್ಣು ತೆರೆಯದೆಯೇ ಕೇಳಿದರು:

"ಪ್ರತಿ ಸಾಲಿನ ಕೊನೆಗೆ ನೀನು ಯಾರನ್ನು ಕಾಯುದು?"

ನನ್ನ ಕೈ ಮಿಷನ್ನಿನ ಚಕ್ರದ ಮೇಲೆ ನಿಂತಿತು. ಮನೆಯವರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು.

ವಿಷಯ ಏನೆಂದರೆ, ನಾನು ಹಾಡು ಕಲಿತದ್ದು ನಮ್ಮೂರಿನ ಭಜನಾ ಮಂದಿರದಲ್ಲಿ. ಪ್ರತಿ ಶುಕ್ರವಾರ ಸಂಜೆ ಭಜನೆ. ಒಬ್ಬರು ಒಂದು ಸಾಲು ಹೇಳಿದರೆ ಉಳಿದವರೆಲ್ಲ ತಾಳ ತಟ್ಟುತ್ತಾ ಅದನ್ನೇ ತಿರುಗಿ ಹೇಳುವುದು. ಸಾಲು ಎತ್ತಿಕೊಳ್ಳುವುದು ಎನ್ನುತ್ತೇವೆ ಅದಕ್ಕೆ. ಲಂಗ ಹಾಕುತ್ತಿದ್ದ ಕಾಲದಿಂದ ನಾನು ಸಾಲು ಹೇಳುತ್ತಾ ಬಂದಿದ್ದೆ, ಊರು ಎತ್ತಿಕೊಳ್ಳುತ್ತಾ ಬಂದಿತ್ತು. ನನ್ನ ಸ್ವರ ಚಂದ ಎಂದು ಎಲ್ಲರೂ ಹೇಳುತ್ತಿದ್ದರು. ಆ ಧೈರ್ಯದಲ್ಲಿ ಮಂಗಳೂರಿಗೆ ರೇಡಿಯೋದ ಧ್ವನಿ ಪರೀಕ್ಷೆಗೆ ಹೋದೆ. ತಣ್ಣಗಿನ ಕೋಣೆ, ಒಂದು ಮೈಕು, ಕೆಂಪು ದೀಪ. ಕೇಳುವವರು ಗಾಜಿನ ಆಚೆ ಎಲ್ಲೋ, ಮುಖ ಕಾಣುವುದಿಲ್ಲ. ತಬಲ ಬಾರಿಸಲು ಅಲ್ಲಿಯವರೇ ಒಬ್ಬರಿದ್ದರು. ದೇವರನಾಮದ ಮೊದಲ ಸಾಲು ಹಾಡಿದೆ. ಚೆನ್ನಾಗಿಯೇ ಬಂತು. ಹಾಡಿ, ನಿಲ್ಲಿಸಿ, ಕಾದೆ.

ಯಾರೂ ಎತ್ತಿಕೊಳ್ಳಲಿಲ್ಲ.

ತಬಲದವರು ಒಂದು ಸುತ್ತು ಬಾರಿಸಿ ನನ್ನ ಮುಖ ನೋಡಿದರು. ಆಗ ನನಗೆ ಎಚ್ಚರವಾಯಿತು. ಗಡಿಬಿಡಿಯಲ್ಲಿ ಅದೇ ಸಾಲನ್ನು ಮತ್ತೆ ಹಿಡಿದೆ, ತಾಳ ತಪ್ಪಿತು, ಉಳಿದ ಹಾಡು ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ ಮುಗಿಯಿತು. ಫೇಲಾದೆ. ಫೇಲಾದದ್ದು ದೊಡ್ಡದಲ್ಲ. ಆ ಮೌನದಲ್ಲಿ ನನ್ನ ಸ್ವರವನ್ನು ನಾನು ಒಂಟಿಯಾಗಿ ಕೇಳಿದ್ದು ಅದೇ ಮೊದಲು, ಅದರ ಗುರುತೇ ನನಗೆ ಹತ್ತಲಿಲ್ಲ. ಇಷ್ಟು ವರ್ಷ ಚಂದ ಎಂದು ಊರು ಹೇಳಿದ್ದು ನನ್ನ ಸ್ವರವನ್ನೋ, ಊರಿನದೇ ಸ್ವರವನ್ನೋ? ಅದು ಗೊತ್ತಾಗುವವರೆಗೆ ನನಗೆ ಸಮಾಧಾನವಿರಲಿಲ್ಲ.

ಇದನ್ನೆಲ್ಲ ಸ್ಟೂಲಿನ ಮೇಲೆ ಕೂತವರಿಗೆ ಹೇಳಿಬಿಟ್ಟೆ. ಅಯ್ಯೋ ಪಾಪ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಆಕಳಿಸಿದರು.

"ಪುನಃ ಪರೀಕ್ಷೆಗೆ ಕೂರ್ತೀಯಾ?"

"ಹೆದರಿಕೆ ಆಗ್ತದೆ ಅಕ್ಕ."

"ಆಗ್ಲಿ. ಹೆದರಿಕೆಗೂ ಬಚ್ಚುತ್ತದೆ ಮಾರಾಯ್ತಿ. ನಿನಗೆ ಬಚ್ಚುವ ಮೊದಲು ಅದಕ್ಕೆ ಬಚ್ಚಬೇಕು, ಅಷ್ಟೇ. ಚೀಲಕ್ಕೆ ಒಳಗಿಂದ ದಪ್ಪ ಬಟ್ಟೆ ಹಾಕು."

ಪಾಠ ಅಲ್ಲಿಂದ ಶುರು. ನಾವಿಬ್ಬರೂ ಮನೆಯಲ್ಲಿ ತುಳು ಮಾತಾಡುವವರು. ಆದರೂ ಪಾಠ ಕನ್ನಡದಲ್ಲಿ, ಬೈಗುಳ ಮಾತ್ರ ತುಳುವಿನಲ್ಲಿ. ಪಾಠ ಎಂದರೆ ರಾಗ ತಾಳ ಹೆಚ್ಚೇನೂ ಇರಲಿಲ್ಲ. ಕಡಬದಿಂದ ಬರುವ ದಾರಿಯಲ್ಲಿ ಅಂಗಡಿಗೆ ಬಂದು, ನನಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕೂತು, ಕಮಾನಿಗೆ ರಾಳ ತಿಕ್ಕುತ್ತಾ "ಹಾಡು" ಎನ್ನುತ್ತಿದ್ದರು. ನಾನು ಒಂದು ಸಾಲು ಹಾಡಬೇಕು. ಆಮೇಲೆ ಆ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುವಷ್ಟು ಹೊತ್ತು ಸುಮ್ಮನಿರಬೇಕು. ಯಾರ ಮುಖವನ್ನೂ ನೋಡಬಾರದು. ಆಮೇಲೆ ಎರಡನೇ ಸಾಲು. ಆ ಸುಮ್ಮನಿರುವ ಹೊತ್ತು ಮುಗಿಯುವುದೇ ಇಲ್ಲ. ರಸ್ತೆಯಲ್ಲಿ ಜೀಪು ಹೋಗುತ್ತದೆ, ಗಿರಾಕಿ ಬಂದು ರವಿಕೆಯ ಕೈ ಬಿಗಿಯಾಯಿತೆಂದು ಜಗಳ ತೆಗೆಯುತ್ತಾಳೆ, ವಾರಿಜಕ್ಕ ತಿರುಗಿ ನೋಡುವುದಿಲ್ಲ. ರಾಳ ತಿಕ್ಕುವ ಸದ್ದು ಮಾತ್ರ.

"ಅಕ್ಕ, ನೀವಾದ್ರೂ ಒಂದು ಹೂಂ ಅನ್ನಿ," ಎಂದು ಕೇಳಿಕೊಂಡದ್ದುಂಟು.

"ನಾನು ಹೂಂ ಅನ್ಲಿಕ್ಕಿಲ್ಲ. ಇದು ಖಾಲಿ ಜಾಗ ಅಂತ ನಿನಗೆ ಯಾರು ಹೇಳಿದ್ದು? ಅದೂ ಹಾಡೇ. ನೀನು ಸುಮ್ಮನಿರುವುದೂ ಕೇಳ್ತದೆ ಅವರಿಗೆ."

ಪಕ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಹಮೀದಾಕನಿಗೆ ಈ ಪಾಠ ಅರ್ಥವೇ ಆಗುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಬಂದು, "ಟೀಚರೇ, ಇವರು ಅರ್ಧ ಗಂಟೆಯಿಂದ ಒಂದು ಸಾಲು ಹಾಡುದು, ನಿಲ್ಸುದು. ನೀವು ಆಚೆ ತಿರುಗಿ ಕೂತದ್ದು. ನಿಮ್ಮೊಳಗೆ ಎಂತಾದ್ರೂ ಮಾತು ಬಿಟ್ಟಿದ್ದಾ?" ಎಂದು ಕೇಳಿದರು. ವಾರಿಜಕ್ಕ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ, ಅವತ್ತು ನಕ್ಕರು.

ಅಂಗಡಿ ಸಾಲದು, ಜನರ ನಡುವೆ ಹಾಡಬೇಕು ಎಂದು ಅವರಿಗೆ ಅನಿಸಿತು. ಅವರ ತಂಗಿಯ ಮನೆ ಕೋಡಿಂಬಾಳದಲ್ಲಿ, ಕಡಬ ಪೇಟೆಯಿಂದ ದೂರವಿಲ್ಲ. ಅಲ್ಲಿ ನೆಂಟರೊಬ್ಬರು ಹೊಸದಾಗಿ ಕಟ್ಟಿಸಿದ ಮನೆಯ ಒಕ್ಕಲಿಗೆ ನನ್ನನ್ನು ಕರೆದುಕೊಂಡು ಹೋದರು. ಊಟದ ಪಂಕ್ತಿ ಕೂತಾಗ ಹಾಡಬೇಕೆಂದು ಅವರ ಅಪ್ಪಣೆ. ನನಗೆ ಸಿಟ್ಟು ಬಂತು.

"ಉಣ್ಣುವವರು ಹಾಡು ಕೇಳ್ತಾರಾ ಅಕ್ಕ? ಅವರ ಗಮನ ಎಲ್ಲ ಪಾಯಸದ ಮೇಲೆ."

"ಅದಕ್ಕೇ. ಯಾರೂ ಕೇಳದಿದ್ದಾಗ ಹಾಡ್ಲಿಕ್ಕೆ ಬಂದ್ರೆ, ಮತ್ತೆ ಗಾಜಿನ ಆಚೆ ಯಾರು ಕೂತ್ರೆ ನಿನಗೆಂತ?"

ಶಾಮಿಯಾನದ ಮೂಲೆಯಲ್ಲಿ ನಿಂತು ಮೊದಲ ಸಾಲು ಹಾಡಿದೆ. ಕಲಿತ ಹಾಗೆ ನಿಲ್ಲಿಸಿ, ನೆಲ ನೋಡುತ್ತಾ ಸುಮ್ಮನಿದ್ದೆ. ಸಾರು ಬಡಿಸುವ ಸದ್ದು, ಮಕ್ಕಳ ಗಲಾಟೆ. ಇನ್ನೇನು ಎರಡನೇ ಸಾಲಿಗೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಪಂಕ್ತಿಯ ಆ ತುದಿಯಿಂದ ಒಬ್ಬ ಅಜ್ಜ, ಬಾಯಲ್ಲಿ ಅನ್ನ ಇದ್ದ ಹಾಗೆಯೇ, ನನ್ನ ಸಾಲನ್ನು ಎತ್ತಿಕೊಂಡರು. ಅವರನ್ನು ನೋಡಿ ಪಕ್ಕದವರು, ಅವರ ಪಕ್ಕದವರು. ನೋಡುನೋಡುತ್ತಿದ್ದಂತೆ ಇಡೀ ಪಂಕ್ತಿ ಎಡಗೈಯಲ್ಲಿ ತೊಡೆ ತಟ್ಟುತ್ತಾ, ಬಲಗೈಯಲ್ಲಿ ಅನ್ನ ಕಲಸುತ್ತಾ ಹಾಡತೊಡಗಿತು. ಬಡಿಸುವವರೂ ಸೇರಿಕೊಂಡರು. ಭಜನೆ ಅಮೋಘವಾಗಿ ನಡೆಯಿತು. ನನಗೆ ಎಷ್ಟು ಸುಖವಾಯಿತೆಂದರೆ, ಬೆನ್ನಿಗೆ ದಿಂಬು ಕೊಟ್ಟ ಹಾಗೆ. ಮುಗಿದ ಮೇಲೆ ಅಜ್ಜ ಬಂದು, "ಒಳ್ಳೆ ಸ್ವರ ಮಗಾ," ಎಂದು ಹರಸಿ ಕೈ ತೊಳೆಯಲು ಹೋದರು.

ವಾರಿಜಕ್ಕ ಕುರ್ಚಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. "ಈ ಊರಲ್ಲಿ ಒಬ್ಬಳಿಗೆ ಒಂಟಿಯಾಗಿ ಹಾಡ್ಲಿಕ್ಕೆ ಜಾಗ ಇಲ್ಲ," ಎಂದರು. "ಎಂತ ಒಳ್ಳೆ ಜನ ಮಾರಾಯ್ತಿ. ಬಚ್ಚಿತು ನನಗೆ."

ಅವತ್ತು ನನಗೆ ಒಂದು ಹೊಳೆಯಿತು. ಗುರುತಿದ್ದವರು, ಗುರುತಿಲ್ಲದವರು, ಎಲ್ಲರೂ ನನ್ನ ಸಾಲನ್ನು ಎತ್ತಿಕೊಂಡವರೇ. ಎತ್ತಿಕೊಳ್ಳದವರು ಒಬ್ಬರೇ, ವಾರಿಜಕ್ಕ. ಅವರು ಹಾಡುವುದನ್ನು ಯಾರೂ ಕೇಳಿರಲಿಲ್ಲ. ಮಕ್ಕಳಿಗೆ ಸ್ವರ ತೋರಿಸಬೇಕಾದರೂ ಪಿಟೀಲಿನಲ್ಲೇ ತೋರಿಸುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಕೇಳಿದ್ದೆ, ನೀವು ಯಾಕೆ ಹಾಡುವುದಿಲ್ಲ ಎಂದು. "ನನ್ನದು ಒಡಕು ಸ್ವರ. ಸಣ್ಣದಿರುವಾಗ ಹಾಡಿದ್ದೆ. ನಗಾಡಿದ್ರು. ಮತ್ತೆ ಹಾಡ್ಲಿಲ್ಲ," ಎಂದರು. ಕನ್ನಡಕ ಮೇಲೆ ಸರಿಸಿ, "ನನ್ನ ಹೆದರಿಕೆಗೆ ಬಚ್ಚಲೇ ಇಲ್ಲ ನೋಡು, ನನಗೇ ಬಚ್ಚಿತು," ಎಂದು ಪೆಟ್ಟಿಗೆಗೆ ಗಲ್ಲ ಊರಿದರು.

ಎರಡನೇ ಪರೀಕ್ಷೆಗೆ ಪಕ್ಕವಾದ್ಯಕ್ಕೆ ಅವರೇ ಬಂದರು. ಪಕ್ಕವಾದ್ಯದವರನ್ನು ನಾವೇ ಕರೆದುಕೊಂಡು ಹೋಗಲು ಅಲ್ಲಿ ಅವಕಾಶವಿತ್ತು. ಪಿಟೀಲು ಜೊತೆಗಿದ್ದರೆ ನನಗೆ ಇನ್ನು ಯಾವ ಭಯವೂ ಇಲ್ಲ ಎಂದುಕೊಂಡೆ. ಹಾಡುವವರ ಸಾಲನ್ನು ಪಿಟೀಲು ಹಿಂದಿನಿಂದ ಬಾರಿಸುವುದು ವಾಡಿಕೆ. ಅಂದರೆ ಎತ್ತಿಕೊಳ್ಳಲು ಒಬ್ಬರಾದರೂ ಇದ್ದಾರೆ. ಅದೇ ಕೋಣೆ, ಅದೇ ಕೆಂಪು ದೀಪ. ಮೊದಲ ಸಾಲು ಹಾಡಿ ನಿಲ್ಲಿಸಿದೆ. ಪಿಟೀಲಿನ ಸದ್ದಿಲ್ಲ. ನೋಡಬಾರದಿತ್ತು, ನೋಡಿದೆ. ವಾರಿಜಕ್ಕ ಕಮಾನನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾ ಕೂತಿದ್ದರು. ಮುಂದಿನ ಸಾಲಿನ ಶಬ್ದವೇ ಮರೆತುಹೋಯಿತು, ಹಾಡು ಅಲ್ಲಿಗೇ ನಿಂತಿತು.

ಹಿಂದಿರುಗುವ ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ. ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಅವರೇ ಎದ್ದು ಬಂದು ಪಕ್ಕದಲ್ಲಿ ಕೂತರು.

"ಒಂದು ಸಾಲು ಬಾರಿಸಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು?" ಎಂದೆ.

"ಬಾರಿಸಬಹುದಿತ್ತು. ಕೈ ಎತ್ತಿದ್ದೆ ಕೂಡ."

"ಮತ್ತೆ?"

"ಬಾರಿಸಿದ್ರೆ ನೀನು ಪಾಸಾಗ್ತಿದ್ದೆ. ಮತ್ತೆ ಪ್ರತಿ ಸರ್ತಿ ನಿನ್ನ ಹಿಂದೆ ನಾನು ಬರ್ಬೇಕು. ನಾನು ಎಷ್ಟು ದಿನ ಬರ್ಲಿಕ್ಕೆ ಉಂಟು?" ಭುಜ ತಿಕ್ಕಿಕೊಂಡರು. ಆಗಲೇ ಅವರಿಗೆ ಬಲ ಭುಜ ನೋಯಲು ಶುರುವಾಗಿತ್ತು. "ನಾನು ಮಾಡಿದ್ದು ಸರಿಯಾ ಅಂತ ನನಗೂ ಗೊತ್ತಿಲ್ಲ. ಬೈಯುದಾದ್ರೆ ಬೈ."

ನಾನು ಬೈಯಲಿಲ್ಲ. ಕುಂಬ್ರದಲ್ಲಿ ಇಳಿದು ತಿರುಗಿ ನೋಡದೆ ನಡೆದೆ. ಅವರು ಮಾಡಿದ್ದು ಸರಿ ಎಂದು ಇವತ್ತಿಗೂ ನನಗೆ ಪೂರ್ತಿ ಅನಿಸುವುದಿಲ್ಲ. ನೀರಿಗೆ ದೂಡಿದರೆ ಈಜು ಬರುತ್ತದೆ ಎನ್ನುವವರ ಪೈಕಿ ನಾನಲ್ಲ. ದೂಡಿಸಿಕೊಂಡವರಿಗೆ ಗೊತ್ತು ಅದರ ಕಷ್ಟ.

ಹಲವು ತಿಂಗಳು ಮಾತಿಲ್ಲದೆ ಕಳೆಯಿತು. ಅವರು ಅಂಗಡಿಗೆ ಬರುವುದನ್ನು ನಿಲ್ಲಿಸಿದರು, ನಾನೂ ಕರೆಯಲಿಲ್ಲ. ಆದರೆ ಅಭ್ಯಾಸ ಬಲು ಕೆಟ್ಟದ್ದು. ಸಂಜೆಯ ಹೊತ್ತು ಹೊಸ್ತಿಲಲ್ಲಿ ಯಾರೂ ಇಲ್ಲದಿದ್ದರೂ ನಾನು ಒಂದು ಸಾಲು ಹಾಡುವುದು, ಸುಮ್ಮನಿರುವುದು, ಮತ್ತೊಂದು ಸಾಲು. ಹಮೀದಾಕ ಒಂದು ದಿನ, "ಟೀಚರಿಗೆ ಕೈ ಎತ್ಲಿಕ್ಕೆ ಆಗುದಿಲ್ಲವಂತೆ. ಪಾಠ ಎಲ್ಲ ಬಿಟ್ಟು ಕೋಡಿಂಬಾಳದ ತಂಗಿಯ ಮನೆಯಲ್ಲಿದ್ದಾರಂತೆ," ಎಂದರು. ಹೋಗಿ ನೋಡಬೇಕು ಎಂದುಕೊಂಡೆ. ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಮತ್ತೆ ಪರೀಕ್ಷೆಗೆ ಅರ್ಜಿ ಹಾಕಿದೆ.

ಕರೆ ಬಂದದ್ದು ಜೂನಿನಲ್ಲಿ, ಯೂನಿಫಾರ್ಮಿನ ರಾಶಿಯ ನಡುವೆ. ಅಷ್ಟು ದಿನ ಹೊಲಿದು ಹೊಲಿದು ಬೆನ್ನು ಮುರಿದಿತ್ತು. ಬಸ್ಸಿನಲ್ಲಿ ನಿಂತೇ ಹೋದೆ. ಮೈಕಿನ ಮುಂದೆ ಕೂತಾಗ ಹೆದರಿಕೆಯನ್ನು ಹುಡುಕಿ ನೋಡಿದೆ. ಇತ್ತು, ಇಲ್ಲವೆಂದಲ್ಲ, ಆದರೆ ಅದೂ ನನ್ನ ಹಾಗೆ ಸೋತು ಒಂದು ಮೂಲೆಯಲ್ಲಿ ಕೂತಿತ್ತು. ಮೊದಲ ಸಾಲು ಹಾಡಿದೆ. ನಿಲ್ಲಿಸಿದೆ. ಯಾರೂ ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳುವುದಿಲ್ಲವೆಂದು ಗೊತ್ತಿತ್ತು. ತಬಲ ನಡೆಯುತ್ತಿತ್ತು, ಆ ಸುಮ್ಮನಿದ್ದ ಹೊತ್ತಿನಲ್ಲಿ ಈಗಷ್ಟೇ ಹಾಡಿದ ಸ್ವರ ನನ್ನ ಕಿವಿಯಲ್ಲಿ ಉಳಿದಿತ್ತು. ಸ್ವಲ್ಪ ದಪ್ಪ ಸ್ವರ, ಸ್ವಲ್ಪ ಒರಟು. ನನ್ನದೇ. ಎರಡನೇ ಸಾಲು ಹಿಡಿದೆ.

ಪಾಸಾದ ಸುದ್ದಿ ಬಂದದ್ದು ಮಳೆಗಾಲ ಮುಗಿದ ಮೇಲೆ, ಅದೇ ವಾರ ಕೋಡಿಂಬಾಳಕ್ಕೆ ಹೋದೆ. ವಾರಿಜಕ್ಕ ಜಗಲಿಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತೀರ ಇಳಿದುಹೋಗಿದ್ದರು. ಬರೀ ಭುಜದ ಕಾಯಿಲೆಯಲ್ಲ ಎಂದು ತಂಗಿ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಹೇಳಿದರು. ಪಿಟೀಲು ಮಂಚದ ಕೆಳಗೆ, ನಾನು ಹೊಲಿದ ಚೀಲದಲ್ಲಿತ್ತು.

"ಪಾಸಾಯ್ತು ಅಕ್ಕ," ಎಂದೆ.

"ಆಯ್ತಲ್ಲ. ಇನ್ನೆಂತ?" ಎಂದರು. ಇಷ್ಟು ವರ್ಷದಲ್ಲಿ ಅವರು ಯಾರನ್ನೂ ಹೊಗಳಿದವರಲ್ಲ, ನನಗಾಗಿ ಪದ್ಧತಿ ಮುರಿಯಲಿಲ್ಲ. ನಾನು ತಂದಿದ್ದ ಕಿತ್ತಳೆ ಸುಲಿದು ಕೊಟ್ಟೆ. ಎರಡು ತೊಳೆ ತಿಂದು, ಸಾಕು ಎಂದು ತಳ್ಳಿದರು. ಆಮೇಲೆ, "ಹಾಡು," ಎಂದರು.

"ಯಾವುದು?"

"ನೀನು ನಿಂತುಹೋದದ್ದು."

ಅವರಿಗೆ ಈಗ ಬೆನ್ನು ತಿರುಗಿಸಿ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ನಾನೇ ಅವರಿಗೆ ಬೆನ್ನು ಹಾಕಿ ಜಗಲಿಯ ಮೆಟ್ಟಿಲ ಮೇಲೆ ಕೂತೆ. ಅಂಗಳದಲ್ಲಿ ರಬ್ಬರಿನ ಶೀಟುಗಳು ಒಣಗುತ್ತಿದ್ದವು. ಮೊದಲ ಸಾಲು ಹಾಡಿದೆ. ನಿಲ್ಲಿಸಿ ಸುಮ್ಮನಾದೆ. ಸುಮ್ಮನಿರುವುದು ಈಗ ನನಗೆ ಕಷ್ಟವಾಗಿರಲಿಲ್ಲ.

ಹಿಂದಿನಿಂದ ಸಾಲು ತಿರುಗಿ ಬಂತು.

ಒಡಕು ಸ್ವರ, ಅವರೇ ಹೇಳಿದ ಹಾಗೆ. ಬಿರುಕು ಬಿಟ್ಟ ಬಟ್ಟಲಿಗೆ ನೀರು ಹೊಯ್ದ ಹಾಗೆ ಅಲ್ಲಲ್ಲಿ ಸೋರುತ್ತಿತ್ತು. ಆದರೆ ಶ್ರುತಿ ಕೂದಲಿನಷ್ಟೂ ಆಚೀಚೆ ಹೋಗಲಿಲ್ಲ. ತಿರುಗಿ ನೋಡಬೇಕೆನಿಸಿತು. ನೋಡಬಾರದು ಎಂದು ಅವರೇ ಕಲಿಸಿದ್ದು. ನೋಡಿದ್ದರೆ ನಿಲ್ಲಿಸಿಬಿಡುತ್ತಿದ್ದರು, ಅದು ನನಗೆ ಗೊತ್ತಿತ್ತು. ಎರಡನೇ ಸಾಲು ಹಾಡಿದೆ. ಅದನ್ನೂ ಎತ್ತಿಕೊಂಡರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೀಗೆ ಕೊನೆಯವರೆಗೆ, ಒಂದು ಸಾಲೂ ಬಿಡದೆ.

ಹಾಡು ಮುಗಿಯಿತು. ಹಿಂದಿನಿಂದ ಕೇಳಿತು.

"ಬಚ್ಚಿತು ಮಾರಾಯ್ತಿ."

ಬಚ್ಚಿದ್ದು ಅವರಿಗೋ, ಅವರ ಹೆದರಿಕೆಗೋ ಎಂದು ನಾನು ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಇನ್ನೊಮ್ಮೆ ಬರುತ್ತೇನೆ ಎಂದು ಹೊರಟೆ. ಮತ್ತೆ ಹೋದದ್ದು ಅವರನ್ನು ಅಂಗಳದಲ್ಲಿ ಮಲಗಿಸಿದ್ದ ದಿನ. ಬಂದವರೆಲ್ಲ ಅವರ ಪಿಟೀಲಿನ ಬಗ್ಗೆ ಮಾತಾಡುತ್ತಿದ್ದರು. ಅವರ ಹಾಡು ಕೇಳಿದವರು ಅಲ್ಲಿ ನಾನು ಮತ್ತು ತಂಗಿ ಇಬ್ಬರೇ.

ಶುಕ್ರವಾರದ ಭಜನೆಗೆ ಈಗಲೂ ಹೋಗುತ್ತೇನೆ. ನಾನು ಸಾಲು ಹೇಳುತ್ತೇನೆ, ಊರು ಎತ್ತಿಕೊಳ್ಳುತ್ತದೆ, ಸುಖವಾಗುತ್ತದೆ. ಆದರೂ ಸುಳ್ಯದ ಬಸ್ಸು ಅಂಗಡಿಯ ಮುಂದೆ ನಿಂತಾಗ ಕಿಟಕಿಗಳ ಕಡೆ ನೋಡುವುದು ಬಿಟ್ಟಿಲ್ಲ. ಅವರಿಲ್ಲವೆಂಬುದು ನನಗೆ ಇನ್ನೂ ಒಗ್ಗಿಲ್ಲ.

ಕಳೆದ ಸಲ ರೇಡಿಯೋಗೆ ಹೋದಾಗ ರೆಕಾರ್ಡಿಂಗ್ ಮುಗಿಸಿ ಗಾಜಿನ ಆಚೆಯವರು ಹೊರಗೆ ಬಂದರು. "ಹಾಡು ಚೆನ್ನಾಗಿ ಬಂತು ಮೇಡಂ. ಆದರೆ ಮೊದಲ ಸಾಲು ಆದ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಂತಿರಿ. ಖಾಲಿ ಕೇಳ್ತದೆ. ಬೇಕಾದ್ರೆ ಕತ್ತರಿಸಿ ಸರಿ ಮಾಡುವ," ಎಂದರು.

"ಬೇಡ, ಇರ್ಲಿ," ಎಂದೆ. "ಅಕ್ಕನಿಗೆ ಸಾಲು ಎತ್ತಿಕೊಳ್ಳಲಿಕ್ಕೆ ಅಷ್ಟು ಹೊತ್ತು ಬೇಕು."